ಮೂರು ಮೆಟ್ಟಿಲ ಪಕ್ಕ ಹಲಗೆಯಕ್ಕ ಕಟ್ಟಿದ ದಾರಿ

ಬೆಳಗಿನ ಐದೂವರೆ. ಜೌಗಿನ ಮೇಲೆ ಮಂಜು ಇನ್ನೂ ಕರಗಿಲ್ಲ. ನೀರಿನಿಂದ ಎರಡಡಿ ಎತ್ತರದಲ್ಲಿ, ಗಿಡಗಂಟಿಗಳ ನಡುವೆ ತಿರುಗುತ್ತ ಹೋಗುವ ಮರದ ಹಲಗೆಗಳ ಕಾಲುದಾರಿಯಲ್ಲಿ ಒಬ್ಬ ಹೆಂಗಸು ನಿಧಾನವಾಗಿ ನಡೆಯುತ್ತಿದ್ದಾರೆ. ಮೊಣಕಾಲುದ್ದದ ರಬ್ಬರ್ ಬೂಟು, ಸೊಂಟಕ್ಕೆ ಮೊಳೆ ಚೀಲ, ಕೈಯಲ್ಲಿ ಉದ್ದ ಕೋಲಿಗೆ ಬಿಗಿದ ಸುತ್ತಿಗೆ. ಟಕ್, ಟಕ್, ಟಕ್. ಒಂದು ಹಲಗೆಗೆ ಒಂದು ಏಟು. ನಾನೂರು ಐನೂರು ಹಲಗೆ ಒಂದೇ ದನಿಯಲ್ಲಿ ಉತ್ತರ ಕೊಟ್ಟ ಮೇಲೆ ಒಂದು ಮಾತ್ರ ದೊಬ್ ಅನ್ನುತ್ತದೆ. ಆಕೆ ನಿಲ್ಲುತ್ತಾರೆ, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾರೆ, ಮತ್ತೆ ಹೊರಡುತ್ತಾರೆ.

"ಮೇಲಿಂದ ನೋಡಿದ್ರೆ ಹೊಸದರ ಹಾಗೇ ಇರತ್ತೆ. ಒಳಗೆ ನೆನೆದ ಬಿಸ್ಕತ್ತು," ಅನ್ನುತ್ತಾರೆ, ಗೀಟು ಬಿದ್ದ ಹಲಗೆಯನ್ನು ಬೂಟಿನ ತುದಿಯಲ್ಲಿ ಒತ್ತಿ ತೋರಿಸುತ್ತ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಲಗೆಯಕ್ಕ ಅಂತ. ವಯಸ್ಸು ಐವತ್ತಮೂರು. ಈ ಪ್ರಕೃತಿ ಉದ್ಯಾನದ ಹಲಗೆ ದಾರಿ ಎರಡು ಕಿಲೋಮೀಟರಿಗೂ ಮೇಲಿದೆ. ಹಲಗೆಗಳು ಹದಿನೈದು ಸಾವಿರ. ದಾರಿಯನ್ನು ಆರು ಪಾಲು ಮಾಡಿಕೊಂಡು ದಿನಕ್ಕೊಂದು ಪಾಲಿನ ಪ್ರತಿ ಹಲಗೆಯನ್ನೂ ತಟ್ಟಿ ನೋಡುತ್ತಾರೆ. ಏಳನೇ ದಿನ ರಜೆ. ದಿನಕ್ಕೆ ಐದಾರು ಹಲಗೆ ಬದಲಾಗುತ್ತವೆ, ಮಳೆಗಾಲ ಮುಗಿದ ಮೇಲೆ ಹತ್ತು ಹನ್ನೆರಡು. ಒಂಬತ್ತೂವರೆಗೆ ಮೊದಲ ಬಸ್ಸು ಬರುವಷ್ಟರಲ್ಲಿ ಸುತ್ತಿಗೆಯ ಸದ್ದು ನಿಂತಿರಬೇಕು.

ಬಸ್ಸುಗಳು ಬರುವುದು ಮುಕ್ಕಾಲು ಗಂಟೆ ದೂರದ ಥೀಮ್ ಪಾರ್ಕಿನಿಂದ. ಅಲ್ಲಿ ಐದು ದಿನದ ರಜೆಗೆ ಬಂದ ಕುಟುಂಬಗಳಿಗೆ ಮೂರನೇ ದಿನ ಕಾಲು ನೋಯಲು ಶುರುವಾಗುತ್ತದೆ. ಅಂಥವರಿಗೆಂದೇ ಅರ್ಧ ದಿನದ ಈ ಪ್ರವಾಸ. ದಿನಕ್ಕೆ ನಾಲ್ಕು ಬಸ್ಸು, ಸುಮಾರು ನೂರಾ ಎಪ್ಪತ್ತು ಜನ. ಎರಡೂವರೆ ಗಂಟೆ ನಡೆದು, ಕೊಕ್ಕರೆ, ಆಮೆ, ಅದೃಷ್ಟವಿದ್ದರೆ ತಂತಿಬೇಲಿಯಾಚೆ ಮೊಸಳೆ ನೋಡಿಕೊಂಡು ವಾಪಸ್ಸು. ಮೊಸಳೆ ಎಷ್ಟು ಹೊತ್ತಿಗೆ ಬಾಯಿ ತೆರೆಯುತ್ತದೆ ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರಂತೆ. "ಅದಕ್ಕೆ ಮನಸ್ಸು ಬಂದಾಗ ಅಂತೀನಿ. ಅವ್ರಿಗೆ ಸಮಾಧಾನ ಆಗಲ್ಲ. ಟೈಮ್ ಹೇಳಿ ಅಂತಾರೆ."

ಆ ಜನ ಎಲ್ಲಿಂದ ಬರುತ್ತಾರೆಂಬುದು ಹಲಗೆಯಕ್ಕನಿಗೆ ಚೆನ್ನಾಗಿ ಗೊತ್ತು. ಮನೆ ಬಾಗಿಲು, ಕಿಟಕಿ ಮಾಡುತ್ತಿದ್ದ ಅಪ್ಪನಿಂದ ಬಡಗಿ ಕೆಲಸ ಕಲಿತು, ಹನ್ನೊಂದು ವರ್ಷ ಅದೇ ಥೀಮ್ ಪಾರ್ಕಿನ ಹಿಂಬದಿಯ ಶೆಡ್ಡಿನಲ್ಲಿ ಕಾಡು ತಯಾರಿಸುತ್ತಿದ್ದವರು ಅವರು. ಕಬ್ಬಿಣದ ಚೌಕಟ್ಟಿಗೆ ಸಿಮೆಂಟು ಮೆತ್ತಿ, ತೊಗಟೆ ಗೀರಿ, ಸ್ಪಂಜಿನಲ್ಲಿ ಪಾಚಿಯ ಬಣ್ಣ ಒತ್ತಿ ಮಾಡಿದ ಮರಗಳು. ಯಾವ ಮರದ ಹೊಟ್ಟೆಯಲ್ಲಿ ಸ್ಪೀಕರ್ ಇದೆ, ಯಾವುದರಲ್ಲಿ ಪೊರಕೆ ಇಡುತ್ತಾರೆ ಎಂದು ಈಗಲೂ ಹೇಳಬಲ್ಲರು. ಎಲೆಗಳಿಗೆ ಬಳಸುವ ಫೈಬರಿನ ದೂಳಿಗೆ ಮೈಯೆಲ್ಲ ತುರಿಕೆ ಬಂದು, ಕೊನೆಗೆ ಶೆಡ್ಡೇ ಮುಚ್ಚಿಹೋದಾಗ ಈ ಉದ್ಯಾನಕ್ಕೆ ಬಂದರು. ಗಂಡ ಇಂದಿಗೂ ಥೀಮ್ ಪಾರ್ಕಿನ ಹೋಟೆಲಿನ ಲಾಂಡ್ರಿಯಲ್ಲಿದ್ದಾರೆ. "ಇವಳು ಮನೆಗೆ ಬಂದ್ರೆ ಕೆಸರು, ನಾನು ಬಂದ್ರೆ ಸೋಪು. ಹೆಂಗೋ ಸರಿಹೋಗತ್ತೆ," ಎಂದು ಅವರು ನಗುತ್ತಾರೆ.

ಇಲ್ಲಿನ ಕೆಲಸ ಸುಲಭದ್ದಲ್ಲ. ಕಂಬ ಬದಲಾಯಿಸುವಾಗ ಎದೆಮಟ್ಟ ನೀರಿಗೆ ಇಳಿಯಬೇಕು. ಜಿಗಣೆ, ಸೊಳ್ಳೆ ಇದ್ದದ್ದೇ. ನಾಲ್ಕು ವರ್ಷದ ಹಿಂದೆ ಕೊಳೆತ ಹಲಗೆಯೊಂದು ಮುರಿದು ತೊಡೆತನಕ ಒಳಗಿಳಿದ ಎಡಗಾಲು ಇಂದಿಗೂ ಮೆಟ್ಟಿಲು ಹತ್ತುವಾಗ ನೆನಪು ಮಾಡಿಕೊಡುತ್ತದೆ. ಆದರೆ ಈ ಲೇಖನಕ್ಕೆ ಕಾರಣ ಅದಲ್ಲ, ಹಲಗೆ ದಾರಿಯ ತುದಿಯಲ್ಲಿರುವ ಇಪ್ಪತ್ತಾರು ಅಡಿಯ ಒಂದು ಇಳಿಜಾರು.

ದಾರಿ ಕೊನೆಯಾಗುವುದು ದೊಡ್ಡ ಕೊಳದ ಅಂಚಿನ ವೀಕ್ಷಣಾ ಕಟ್ಟೆಯಲ್ಲಿ. ನೀರೇರಿದರೆ ಮುಳುಗದಿರಲೆಂದು ಕಟ್ಟೆಯನ್ನು ಮೂರು ಮೆಟ್ಟಿಲು ಎತ್ತರಕ್ಕೆ ಕಟ್ಟಿದ್ದಾರೆ. ಹೋದ ವರ್ಷ ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಹಲಗೆಯಕ್ಕ ಅಲ್ಲಿಗೆ ಹೋದಾಗ ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ನಾಲ್ಕು ಟೋಪಿ, ಎರಡು ನೀರಿನ ಬಾಟಲಿ, ಥೀಮ್ ಪಾರ್ಕಿನಲ್ಲಿ ಕೊಂಡ ಒಂದು ಬಟ್ಟೆಯ ಕರಡಿ. ಮನೆಯವರೆಲ್ಲ ಮೇಲಿದ್ದರು.

"ಒಬ್ರೇ ಕೂತಿದೀರಲ್ಲ ಅಜ್ಜಿ?"

"ಚೀಲ ಕಾಯೋ ಕೆಲಸ ನಂದೇ ಕಣಮ್ಮ. ಆ ಪಾರ್ಕಲ್ಲೂ ಎರಡು ದಿನ ಅದನ್ನೇ ಮಾಡ್ದೆ. ಮೇಲೆ ಏನಿದೆ?"

"ಕೊಳ ಇದೆ. ಹಕ್ಕಿಗಳು."

"ದೊಡ್ಡದಾ?"

"ದೊಡ್ಡದೇ."

"ಸರಿಯಾಗಿ ಹೇಳು ನೋಡೋಣ. ಮೊಮ್ಮಕ್ಕಳು ಬಂದು ಹೇಳ್ತಾರೆ, ಆದ್ರೆ ಎಲ್ಲಾ ಒಟ್ಟಿಗೇ ಹೇಳ್ತಾರೆ. ತಲೆಬುಡ ಗೊತ್ತಾಗಲ್ಲ."

ಎತ್ತಿಕೊಂಡು ಹೋಗಲು ಇಬ್ಬರನ್ನು ಕರೆಯುತ್ತೇನೆ ಎಂದರೆ ಅಜ್ಜಿ ಒಪ್ಪಲಿಲ್ಲ. "ಬೇಡಮ್ಮ. ಎತ್ತಿಸ್ಕೊಂಡು ಎತ್ತಿಸ್ಕೊಂಡು ನಾನೂ ಒಂದು ಸಾಮಾನಾಗೋಗಿದೀನಿ." ಹಲಗೆಯಕ್ಕ ಪಕ್ಕದಲ್ಲೇ ಕೂತು ತಮಗೆ ತಿಳಿದಂತೆ ಕೊಳವನ್ನು ವಿವರಿಸಿದರು. ನೀರುಕಾಗೆ ರೆಕ್ಕೆ ಹರಡಿಕೊಂಡು ಒಣಗಲು ನಿಲ್ಲುವುದು, ಆಮೆಗಳು ಒಂದರ ಮೇಲೊಂದು ಹತ್ತುವುದು. ಹನ್ನೆರಡಕ್ಕೆ ಬಸ್ಸು ಹೊರಟಿತು, ಅಜ್ಜಿಯೂ ಹೋದರು. ಆ ಬಸ್ಸುಗಳಲ್ಲಿ ಬಂದವರು ಎರಡನೇ ಸಲ ಬರುವುದು ಕಡಿಮೆ.

ಮಾರನೇ ದಿನ ಹಲಗೆಯಕ್ಕ ಮೇಲ್ವಿಚಾರಕರ ಬಳಿ ಇಳಿಜಾರಿನ ಮಾತೆತ್ತಿದರು. ಅರ್ಜಿ ಕೊಡಿ, ಮುಂದಿನ ವರ್ಷದ ಪಟ್ಟಿಗೆ ಸೇರಿಸೋಣ ಎಂದರು ಅವರು. ಅರ್ಜಿ ಕೊಟ್ಟರು. ಕೊಟ್ಟು ಸುಮ್ಮನಿರಲಿಲ್ಲ. ಒಂದು ತುದಿ ಮಾತ್ರ ಕೊಳೆತು ಹೊರಗೆಸೆದಿದ್ದ ತೊಲೆ, ಹಲಗೆಗಳ ಗಟ್ಟಿ ಭಾಗ ಕೊಯ್ದು ಇಟ್ಟುಕೊಂಡಿದ್ದರು. ಮೂರು ಮೆಟ್ಟಿಲೆಂದರೆ ಇಪ್ಪತ್ತೊಂದು ಇಂಚು, ಒಂದಿಂಚು ಏರಲು ಒಂದಡಿ ಉದ್ದ ಬೇಕು, ಇಪ್ಪತ್ತೊಂದು ಅಡಿ. ತಮ್ಮ ಕೆಲಸಕ್ಕಿಂತ ಒಂದು ಗಂಟೆ ಮೊದಲೇ ಬಂದು ಹನ್ನೊಂದು ಬೆಳಗ್ಗೆಗಳಲ್ಲಿ ಕಟ್ಟಿ ಮುಗಿಸಿದರು. ನಡುವೆ ತಮ್ಮ ವಾರದ ರಜೆ ಬಿದ್ದ ಎರಡು ದಿನ ಗಂಡ ಬಂದು ತೊಲೆ ಹೊತ್ತರು.

ಹನ್ನೆರಡನೇ ದಿನ ಗುಟ್ಟು ಬಯಲಾಯಿತು. ಮುಖ್ಯ ಕಚೇರಿಯ ಸುರಕ್ಷತಾ ಅಧಿಕಾರಿ ಬಂದು ನೋಡಿ, ಇಳಿಜಾರಿಗೆ ಅಡ್ಡ ಹಗ್ಗ ಕಟ್ಟಿಸಿ, ಪ್ರವೇಶವಿಲ್ಲ ಎಂಬ ಫಲಕ ನೇತುಹಾಕಿಸಿದರು. ಹಲಗೆಯಕ್ಕನಿಗೆ ನೋಟಿಸು ಬಂತು: ಅನುಮತಿಯಿಲ್ಲದೆ ನಿರ್ಮಾಣ ಮಾಡಿದ್ದೇಕೆ? ಅವರ ಉತ್ತರ ಎರಡೇ ಸಾಲು. "ಕಟ್ಟಿದ್ದು ನಾನೇ. ಪರೀಕ್ಷೆ ಮಾಡಿ ನೋಡಿ, ಆಮೇಲೆ ಕೀಳಿಸಿ."

ಹಗ್ಗ ಇಪ್ಪತ್ತಾರು ದಿನ ಹಾಗೇ ಇತ್ತು. ಕೆಲಸ ಹೋಗುತ್ತದೆಂದು ಮನೆಯಲ್ಲಿ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. "ಹೋದ್ರೆ ಹೋಗ್ಲಿ ಅಂತ ಬಾಯಲ್ಲಿ ಹೇಳ್ತಿದ್ದೆ. ದಿನಾ ಬೆಳಗ್ಗೆ ಹೋಗಿ ಮೊದ್ಲು ಆ ಹಗ್ಗಾನೇ ನೋಡ್ತಿದ್ದೆ," ಎನ್ನುತ್ತಾರೆ ಹಲಗೆಯಕ್ಕ.

ಇಪ್ಪತ್ತೇಳನೇ ದಿನ ಅಧಿಕಾರಿ ಮರಳಿನ ಮೂಟೆಗಳೊಂದಿಗೆ ಬಂದರು. ಒಂದೊಂದಾಗಿ ಇಳಿಜಾರಿನ ಮೇಲೆ ಹೇರಿಸಿದರು, ಆರುನೂರು ಕಿಲೋ ಆಗುವವರೆಗೆ. ಹಲಗೆಯಕ್ಕ ಸೊಂಟಮಟ್ಟ ನೀರಲ್ಲಿ ಪಕ್ಕಕ್ಕೆ ನಿಂತು ತೊಲೆಗಳನ್ನೇ ನೋಡುತ್ತಿದ್ದರು. "ಅವ್ರು ಮೇಲಿಂದ ನೋಡ್ತಿದ್ರು, ನಾನು ಕೆಳಗಿಂದ. ಒಂದು ಕಿರ್ ಅಂದಿದ್ರೂ ನಾನೇ ಕಿತ್ತುಹಾಕ್ತಿದ್ದೆ." ಒಂದೂ ಕಿರ್ ಅನ್ನಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮೂಟೆ ಇಳಿಸಿದ ಮೇಲೆ ಅಧಿಕಾರಿ ಟಿಕೆಟ್ ಕೌಂಟರಿನ ಗಾಲಿಕುರ್ಚಿ ತರಿಸಿ, ತಾವೇ ಕೂತು, ಯಾರೂ ತಳ್ಳಬಾರದೆಂದು ಹೇಳಿ, ಕೈಯಲ್ಲಿ ಗಾಲಿ ತಿರುಗಿಸುತ್ತ ಹತ್ತತೊಡಗಿದರು. ಹನ್ನೆರಡು ಅಡಿ ಏರುವಷ್ಟರಲ್ಲಿ ತೋಳು ಸೋತಿತು. ಗಾಲಿ ಬಿಟ್ಟರೆ ಹಿಂದಕ್ಕೆ ಜಾರುತ್ತದೆ, ಹಿಡಿದೇ ಇರಬೇಕು. ಅಲ್ಲೇ ಬೆವರುತ್ತ ಕೇಳಿದರು, "ಈಗ ನಾನೇನು ಮಾಡ್ಲಿ ಹೇಳಮ್ಮ?"

ಹಲಗೆಯಕ್ಕ ಹೋಗಿ ಕುರ್ಚಿಯನ್ನು ಹಿಂದಿನಿಂದ ಹಿಡಿದುಕೊಂಡರು. "ಅದು ನಂಗೆ ಹೊಳೆದೇ ಇರ್ಲಿಲ್ಲ. ಹಿಂದೆ ಯಾರೋ ತಳ್ತಾರೆ ಅಂದ್ಕೊಂಡೇ ಕಟ್ಟಿದ್ದೆ. ಒಬ್ರೇ ಬರೋರೂ ಇರ್ತಾರೆ ಅಂತ ಅವ್ರಿಗೆ ಹೊಳೀತು. ಅವತ್ತಿನವರೆಗೂ ಆ ಮನುಷ್ಯನ್ನ ಬೈಕೊಂಡೇ ಓಡಾಡಿದ್ದೆ."

ಮಧ್ಯದಲ್ಲಿ ಐದಡಿಯ ಸಮತಟ್ಟು ಜಾಗ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ. ಅಧಿಕಾರಿ ಕಾಗದದಲ್ಲಿ ಬರೆದು ಸಹಿ ಹಾಕಿದರು. ಈ ಸಲ ಹೊಸ ಮರವೇ ಬಂತು. ಅರ್ಧ ಬಿಚ್ಚಿ ಮತ್ತೆ ಕಟ್ಟಲು ಒಂಬತ್ತು ದಿನ. ಉದ್ಘಾಟನೆ ಅಂತೇನೂ ಆಗಲಿಲ್ಲ, ಹಗ್ಗ ಬಿಚ್ಚಿದರು ಅಷ್ಟೇ. ನೋಟಿಸು ವಾಪಸ್ಸಾಗಿಲ್ಲ, ಅವರ ಕಡತದಲ್ಲಿ ಹಾಗೇ ಇದೆ. ಥೀಮ್ ಪಾರ್ಕಿನ ಪ್ರವಾಸ ಪಟ್ಟಿಯಲ್ಲಿ ಈ ಉದ್ಯಾನದ ಹೆಸರಿನ ಮುಂದೆ ಗಾಲಿಕುರ್ಚಿಯ ಚಿಕ್ಕ ಚಿತ್ರವೊಂದು ಸೇರಿದೆ. ಈಗ ದಿನಕ್ಕೆ ಏಳೆಂಟು ಗಾಲಿಕುರ್ಚಿ, ಅದರ ಎರಡರಷ್ಟು ಮಕ್ಕಳ ತಳ್ಳುಗಾಡಿ ಕಟ್ಟೆಯ ಮೇಲೆ ಹೋಗುತ್ತವೆ. ಕಟ್ಟಿದವರು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ.

ತೃಪ್ತಿಯಾದ ದಿನ ಯಾವುದು ಎಂದು ಕೇಳಿದರೆ, ಆಗಷ್ಟೇ ನೀರಿನಿಂದ ಮೇಲೆ ಬಂದ ಹಲಗೆಯಕ್ಕ ಕಟ್ಟೆಯ ಅಂಚಿನಲ್ಲಿ ಕೂತು ಬೂಟು ಕಳಚುತ್ತಾರೆ. ಎರಡು ತಿಂಗಳ ಹಿಂದೆ, ಬಸ್ಸಿನ ಹೊತ್ತಲ್ಲೇ, ಕಟ್ಟೆಯ ಕಂಬವೊಂದಕ್ಕೆ ಬೋಲ್ಟು ಬಿಗಿಯಲು ನೀರಿಗೆ ಇಳಿದಿದ್ದರಂತೆ. ತಲೆಯ ಮೇಲೆ ಇಳಿಜಾರಿನಲ್ಲಿ ಗಾಲಿಗಳ ಸದ್ದು ಬಂತು. ಸಮತಟ್ಟು ಜಾಗದಲ್ಲಿ ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಹೊರಟು, ಮೇಲೆ ಸೇರಿತು.

"ಗಾಲಿ ಹಿಂದೆ ಕಾಲಿನ ಸಪ್ಪಳ ಇರ್ಲಿಲ್ಲ."

ಮೇಲೆ ಬಂದು ಯಾರೆಂದು ನೋಡಲಿಲ್ಲವೇ?

"ಯಾಕ್ ನೋಡ್ಲಿ? ಅವ್ರ ಪಾಡಿಗೆ ಅವ್ರು ಹೋಗ್ತಿದ್ರು," ಎಂದು ಹೇಳಿ ಹಲಗೆಯಕ್ಕ ಬೂಟಿನೊಳಗಿನ ನೀರು ಚೆಲ್ಲುತ್ತಾರೆ.