ಸೊನ್ನೆಗೆ ಜಾಗವಿಲ್ಲದ ಗ್ರಾಫು

ಅಂಧೇರಿಯಲ್ಲಿ ಲೋಕಲು ಹತ್ತಿದವನಿಗೆ ಆ ಗಾಡಿ ಅಂಧೇರಿಯಲ್ಲೇ ಹುಟ್ಟಿದಂತೆ ತೋರುತ್ತದೆ. ಗಾಡಿ ಹೊರಡುವ ಬೋರಿವಲಿಯಿಂದಲೇ ಕಿಟಕಿ ಪಕ್ಕ ಕೂತು ಬಂದವನನ್ನು ಕಂಡರೆ, ತನ್ನ ಜಾಗ ಕದ್ದವನೆಂಬ ಕೋಪ. ಕಾಲೇಜಿನಿಂದ ಮರಳುವಾಗ ನಾನೂ ದಿನವೂ ಹೀಗೆ ಉರಿದವನೇ. ಆದರೆ ಇದೇ ತಪ್ಪನ್ನು ಗಣಿತದಲ್ಲೂ ಮಾಡಿ ಕೀರ್ತಿವಂತನಾದವನು ನಾವಿರುವ ಇಡೀ ಆಂಟಾಪ್ ಹಿಲ್‌ನಲ್ಲಿ ನಾನೊಬ್ಬನೇ ಇರಬೇಕು.

ಇಂಟರ್ ಓದುತ್ತಿದ್ದ ವರ್ಷ, ಕನಿಷ್ಠ ಪರಿಶ್ರಮದಿಂದ ಪಾಸಾಗುವ ಶಾಸ್ತ್ರವನ್ನು ಶೋಧಿಸಲು ಕೂತೆ. ಗಣಿತದ ಮೂರು ಟೆಸ್ಟುಗಳಿಗೆ ದಿನಕ್ಕೆ ಎರಡು, ಮೂರು, ನಾಲ್ಕು ಗಂಟೆ ಓದಿದ್ದಕ್ಕೆ ಕ್ರಮವಾಗಿ ಇಪ್ಪತ್ತು, ಇಪ್ಪತ್ತೆಂಟು, ಮೂವತ್ತಾರು ಅಂಕ ಬಂದಿದ್ದವು. ಗ್ರಾಫಿನಲ್ಲಿ ಚುಕ್ಕಿಯಿಟ್ಟು ಸೇರಿಸಿದರೆ ಅಪ್ಪಟ ಸರಳರೇಖೆ! ಗಂಟೆಗೆ ಎಂಟು ಅಂಕ. ಜೊತೆಗೆ, ಪುಸ್ತಕ ಮುಟ್ಟದಿದ್ದರೂ ಸಿಗುವ ಒಂದು ಸ್ಥಿರಾಂಕ. ರೇಖೆ ಎಡಗಡೆಯ ನಿಂತ ಗೆರೆಯನ್ನು ಮುಟ್ಟುವಲ್ಲಿ ಅದನ್ನು ಓದಿಕೊಳ್ಳಬೇಕೆಂದು ಮೇಷ್ಟ್ರು ಹೇಳಿದ್ದರು. ಓದಿಕೊಂಡೆ: ಇಪ್ಪತ್ತು. ಪಾಸಿಗೆ ಬೇಕಾದ್ದು ಮೂವತ್ತೈದು. ಇಪ್ಪತ್ತರ ಮೇಲೆ ಎರಡು ಗಂಟೆಯ ಹದಿನಾರು ಸೇರಿದರೆ ಮೂವತ್ತಾರು; ಅಂದಮೇಲೆ ದಿನಕ್ಕೆ ಎರಡು ಗಂಟೆ ಧಾರಾಳ. ಉಳಿದ ಹೊತ್ತನ್ನು ಕ್ರಿಕೆಟ್ಟಿಗೆ ದಾನ ಮಾಡಿದೆ. ಪ್ರಿಲಿಮಿನರಿ ಪರೀಕ್ಷೆಯಲ್ಲಿ ಬಂದದ್ದು, ಮೊದಲ ಟೆಸ್ಟಿನಂತೆಯೇ, ಬರೀ ಇಪ್ಪತ್ತು.

"ಫೈನಲ್‌ನಲ್ಲೂ ಹಿಂಗೇ ಆದ್ರೆ ಕಾಲೇಜು ಸಾಕು ಕಣೋ. ಬಸಣ್ಣನ ಜೊತೆ ಜೋಗೇಶ್ವರಿಗೆ ಹೋಗಿ ಲೇಥ್ ತಿರುಗಿಸು," ಎಂದರು ಅಪ್ಪ.

ಬಸಣ್ಣ ನಮ್ಮ ಪಕ್ಕದ ಖೋಲಿಯವನು, ಬಿಜಾಪುರದ ಕಡೆಯವನು, ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬಾಗಿಲಲ್ಲೇ ನಿಂತಿದ್ದ ಅವನು ಗಾಬರಿಯಾದ. "ಬ್ಯಾಡ್ರೀ ಸರ, ನನಗ ಹತ್ತೂ ಬೆರಳು ಬೇಕಾಗ್ಯಾವ್ರೀ!" ಎಂದವನೇ ನನ್ನ ಗ್ರಾಫನ್ನು ಎತ್ತಿಕೊಂಡ. "ತಮ್ಮಾ, ಇದರಾಗ ಸೊನ್ನಿ ಎಲ್ಲೈತಿ?"

ಸೊನ್ನೆ ಇರಲಿಲ್ಲ. ಇದ್ದದ್ದು ಅರ್ಧ ಹಾಳೆಯಾದ್ದರಿಂದ ಅಡ್ಡಗೆರೆಯನ್ನು ಎರಡು ಗಂಟೆಯಿಂದಲೇ ಶುರುಮಾಡಿದ್ದೆ. ಒಂದೇ ಖೋಲಿಯಲ್ಲಿ ಆರು ಜನ ಮಲಗುವ ನಮ್ಮ ಮನೆಯಲ್ಲಿ ಸೊನ್ನೆಗೆಂದು ಜಾಗ ಬಿಡುವ ಪದ್ಧತಿಯೇ ಇಲ್ಲ.

"ನಮ್ಮ ಉಕ್ಕಿನ ಪಟ್ಟಿ ತುದಿ ಸವದಿರ್ತೈತಿ. ಅದಕ್ಕ ಒಂದರಿಂದ ಅಳೀತೀವಿ. ಆದ್ರ ಕಡೀಕ ಆ ಒಂದು ಕಳೀತೀವಿ. ನೀ ಕಳದಿಯೇನು?"

ಎಡಕ್ಕೆ ಇನ್ನೊಂದು ಚೂರು ಹಾಳೆ ಜೋಡಿಸಿ, ಪಟ್ಟಿಯಿಟ್ಟು ರೇಖೆಯನ್ನು ಸೊನ್ನೆಯವರೆಗೆ ಹಿಂದಕ್ಕೆಳೆದ. ಅದು ಸರ್ರನೆ ಇಳಿದು ನಾಲ್ಕಕ್ಕೆ ಬಂದು ನಿಂತಿತು.

"ಪುಸ್ತಕ ಮುಟ್ಟದಿದ್ರ ನಿನ್ನ ಕಿಮ್ಮತ್ತು ನಾಕು, ನೋಡು!"

ಪ್ರಶ್ನೆಯನ್ನು ದುಂಡಗೆ ನಕಲು ಮಾಡಿದ್ದಕ್ಕೆ ಸಿಗುವ ಕರುಣೆಯ ಅಂಕಗಳೇ ಇರಬೇಕು ಅವು. ಆಮೇಲೆ ದಿನಕ್ಕೆ ನಾಲ್ಕು ಗಂಟೆ ಕೂತೆ. ಫೈನಲ್‌ನಲ್ಲಿ ಗ್ರಾಫಿನ ಮಾತು ಮೀರದೆ ಮೂವತ್ತಾರು ಬಂತು. ಕಾಲೇಜು ಉಳಿಯಿತು, ಬಸಣ್ಣನ ಬೆರಳೂ ಉಳಿದವು.

ಈಗ ಅಂಧೇರಿಯಲ್ಲಿ ಲೋಕಲು ಹತ್ತಿದಾಗ, ಕಿಟಕಿಯವನ ರೇಖೆಯನ್ನು ಮನಸ್ಸಿನಲ್ಲೇ ಬೋರಿವಲಿಯವರೆಗೆ ಹಿಂದಕ್ಕೆಳೆದು ನೋಡುತ್ತೇನೆ. ಕೋಪ ಪೂರ್ತಿ ಹೋಗುವುದಿಲ್ಲ. ನಾಲ್ಕರಷ್ಟು ಉಳಿದೇ ಉಳಿಯುತ್ತದೆ.