ಮೋಡದಲ್ಲಿ ಕಡಲು ಕಂಡ ವಾಸಣ್ಣ

ಮಣಿಪಾಲದ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿದ್ದ ನಾನು ನಿವೃತ್ತಿಯ ಹಿಂದಿನ ವರ್ಷ ಲಡಾಖಿಗೆ ಹೊರಟ ಒಂಬತ್ತು ಮಂದಿಯ ಚಾರಣ ತಂಡಕ್ಕೆ ಡಾಕ್ಟರಾಗಿ ಹೋದೆ. ಆರು ಸಾವಿರ ಮೀಟರ್ ಎತ್ತರದ ಶಿಖರ; ರಸ್ತೆ ಮುಗಿದ ಮೇಲೆ ಐದು ದಿನದ ನಡಿಗೆ. ಅಂಥದೊಂದು ತುದಿಯಲ್ಲಿ ನಿಲ್ಲಬೇಕೆಂಬುದು ಕಾಲೇಜು ದಿನಗಳಿಂದ ನನಗಿದ್ದ ಆಸೆ.

ತಂಡದಲ್ಲಿ ಉಚ್ಚಿಲದ ವಾಸಣ್ಣ ಇದ್ದರು. ಮೂವತ್ತು ವರ್ಷ ಮೀನುಗಾರಿಕೆ ಬೋಟು ನಡೆಸಿದವರು. ಬಜಗೋಳಿಯಿಂದಾಚೆಯ ಘಟ್ಟದ ಬೆಟ್ಟಗಳಲ್ಲಿ ಅಭ್ಯಾಸ ಮಾಡಿದಾಗ ನಮ್ಮೆಲ್ಲರಿಗಿಂತ ಮುಂದೆ ಹತ್ತಿದ್ದರು. ಕಡಲಿನಿಂದ ಘಟ್ಟದ ತುದಿಗಳನ್ನು ನೋಡಿ ನೋಡಿ, ಒಮ್ಮೆ ಎಲ್ಲಕ್ಕಿಂತ ಎತ್ತರದಿಂದ ಕೆಳಗೆ ನೋಡಬೇಕು ಅನ್ನಿಸಿತ್ತಂತೆ.

ಕೊನೆಯ ಕ್ಯಾಂಪಿನಲ್ಲಿ ಬಿಸಿಲೇರಿದಾಗ ಕಣಿವೆ ತುಂಬ ಮೋಡ ಹರಡಿತ್ತು. ಬೆಳ್ಳಗೆ, ಮಟ್ಟಸವಾಗಿ, ಅಂಚಿನಲ್ಲಿ ಮೆಲ್ಲನೆ ಏರಿಳಿಯುತ್ತಿತ್ತು. ನನ್ನ ಉಸಿರು ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ವಾಸಣ್ಣ ಬಂಡೆಯ ಮೇಲೆ ಕುಳಿತು ಶೂ ಬಿಚ್ಚಿದರು, ಸಾಕ್ಸ್ ತೆಗೆದರು, ಪ್ಯಾಂಟು ಮಡಚತೊಡಗಿದರು. ಎಂತಕ್ಕೆ ಎಂದು ಕೇಳಿದೆ.

"ನೀರು ಇಳಿದುಂಟು ಡಾಕ್ಟ್ರೇ. ಈಗ ಹೋದರೆ ಬೋಟು ಸಿಗ್ತದೆ."

ಒಂದು ಕ್ಷಣ ನನಗೂ ಅಲ್ಲಿ ಕಡಲೇ ಕಂಡಿತು. ಆಗ ಹೆದರಿಕೆಯಾಯಿತು. ಅವರನ್ನು ಎಬ್ಬಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿದೆ. ಮೂರನೇ ಹೆಜ್ಜೆಗೆ ನನ್ನ ಮೇಲೆ ವಾಲಿದರು. ಇದು ಸೆರೆಬ್ರಲ್ ಎಡಿಮಾ: ಎತ್ತರದಲ್ಲಿ ಆಮ್ಲಜನಕ ಸಾಲದೆ ಮೆದುಳು ಊದಿಕೊಳ್ಳುವುದು. ಆಕ್ಸಿಜನ್ ಹಿಡಿದೆ, ಊತ ಇಳಿಸುವ ಡೆಕ್ಸಾಮೆಥಸೋನ್ ಚುಚ್ಚಿದೆ. ಆದರೆ ನಿಜವಾದ ಮದ್ದು ಕೆಳಗಿಳಿಯುವುದು. ತಡವಾದರೆ ಜೀವ ಉಳಿಯುವುದಿಲ್ಲ.

ಗೈಡ್ ದೋರ್ಜೆ, ತಾನೇ ಇವರನ್ನು ಇಳಿಸುತ್ತೇನೆ, ತುದಿಗೆ ನಾಲ್ಕೇ ಗಂಟೆ, ನೀವು ಹೋಗಿ ಎಂದ. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ನೋಡುವವರು ಯಾರು? ಮೇಲಕ್ಕೊಮ್ಮೆ ನೋಡಿ, ಉಳಿದವರನ್ನು ಎರಡನೇ ಗೈಡ್ ಜೊತೆ ತುದಿಗೆ ಕಳಿಸಿದೆ.

ವಾಸಣ್ಣ ಏಳಲೊಲ್ಲರು. ಎಳೆದರೆ ಕೊಸರಿಕೊಂಡರು. ಬೋಟು ಬಿಟ್ಟು ಹೇಗೆ ಬರುವುದು ಎಂಬ ಒಂದೇ ಮಾತು. ಮಂಪರಿನಲ್ಲಿರುವ ರೋಗಿಗಳಿಗೆ 'ಇದು ಆಸ್ಪತ್ರೆ, ಇವತ್ತು ಮಂಗಳವಾರ' ಎಂದು ತಿದ್ದುವುದು ನನ್ನ ಹಳೆಯ ಅಭ್ಯಾಸ. ಅಂದು ತಿದ್ದದೆ ಪಕ್ಕದಲ್ಲಿ ಕುಳಿತುಕೊಂಡೆ.

"ಬೋಟು ಇಲ್ಲಿಲ್ಲ ವಾಸಣ್ಣ. ಕೆಳಗೆ, ಕಾಪುವಿನ ಹತ್ತಿರ ನಿಂತುಂಟು. ಶೂ ಹಾಕಿ, ನಾನೂ ಬರ್ತೇನೆ."

ಅವರು ಸ್ವಲ್ಪ ಯೋಚಿಸಿ ಕಾಲು ಮುಂದೆ ಚಾಚಿದರು.

ದೋರ್ಜೆ ಮುಂದೆ, ನಾನು ಹಿಂದೆ, ನಡುವೆ ಹಗ್ಗ ಕಟ್ಟಿಕೊಂಡು ವಾಸಣ್ಣ. ಮೋಡದೊಳಗೆ ಇಳಿದೆವು. ಮೇಲು ಕೆಳಗು ತಿಳಿಯದ ಬಿಳುಪು. ಗಾಳಿ ಯಾವ ಕಡೆಯದು, ಬಂಗುಡೆ ಮೀನು ಬಂತಾ ಎಂದೆಲ್ಲ ಕೇಳುತ್ತಿದ್ದರು. ನಾನು ತೋಚಿದ ಉತ್ತರ ಕೊಡುತ್ತಿದ್ದೆ. ಮೂರು ಗಂಟೆ ಹೊತ್ತು ನಾನೂ ಕಡಲಿನಲ್ಲೇ ಇದ್ದೆ.

ಮೋಡ ಕಳೆದು ಹುಲ್ಲು ಕಂಡಲ್ಲಿ ಅವರು ನಿಂತರು. ತಮ್ಮ ಕೈಗಳನ್ನು ನೋಡಿಕೊಂಡು, ನಾವು ಯಾಕೆ ಇಳಿಯುತ್ತಿದ್ದೇವೆ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ತಿರುಗಿ ಮೇಲಿನ ಮೋಡದ ಕಡೆ ನೋಡಿದರು.

"ನೀವಾದರೂ ಹೋಗಬಹುದಿತ್ತಲ್ಲ ಡಾಕ್ಟ್ರೇ?"

"ಹೋಗಬಹುದಿತ್ತು," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮರುದಿನ ಉಳಿದವರು ತುದಿಯಿಂದ ತಂದ ಫೋಟೋಗಳನ್ನು ನಾವಿಬ್ಬರೂ ಒಟ್ಟಿಗೆ ನೋಡಿದೆವು. ಆಮೇಲೆ ಉಳಿದಿದ್ದ ಒಂದು ವರ್ಷ, ವಾರ್ಡಿನಲ್ಲಿ ಯಾರಾದರೂ ಜ್ವರದ ಅಮಲಿನಲ್ಲಿ ಮಾತಾಡಿದರೆ, ತಿದ್ದುವ ಮೊದಲು ಮಂಚದ ಪಕ್ಕ ಕುಳಿತು, ಈಗ ಎಲ್ಲಿದ್ದೀರಿ ಎಂದು ಕೇಳುತ್ತಿದ್ದೆ. ಅವರು ಹೇಳಿದ ಜಾಗದಿಂದ ಇತ್ತ ಬರುವ ದಾರಿ ಹೆಚ್ಚಾಗಿ ಸಿಗುತ್ತಿತ್ತು.