ಮೂವತ್ತು ಸೆಕೆಂಡಿನ ಸೈರನ್

ದೊಡ್ಡನೆಕ್ಕುಂದಿಯ ನಲ್ಲಪ್ಪನಿಗೆ ಈಗ ಎಪ್ಪತ್ತಮೂರು. ಮೂವತ್ತನಾಲ್ಕು ವರ್ಷ ಪಂಪು ಕಾರ್ಖಾನೆಯ ಕಂಪ್ರೆಸರ್ ಕೋಣೆಯಲ್ಲಿ ದುಡಿದ. ಎರಡೇ ವರ್ಷ ಒಂದು ಬ್ಯಾಂಡಿನಲ್ಲಿ ತಮಟೆ ಬಾರಿಸಿದ. ಆದರೆ ಊರಿನ ಹಳಬರು ಅವನನ್ನು ನೆನೆಯುವುದು ಆ ಎರಡು ವರ್ಷದಿಂದ, ಅದರಲ್ಲೂ ಕೊನೆಯ ನಾಲ್ಕು ನಿಮಿಷದಿಂದ. 'ರಾಜ್ಯೋತ್ಸವದಲ್ಲಿ ತಾಳ ಬಿಟ್ಟನಲ್ಲ, ಅದೇ ನಲ್ಲಪ್ಪ' ಅನ್ನುತ್ತಾರೆ. ನಲವತ್ತೇಳು ವರ್ಷ ಒಂದೇ ಮಾತು ಆಡಿ ಜನಕ್ಕೆ ಬೇಸರವೂ ಬಂದಿಲ್ಲ.

ಬ್ಯಾಂಡಿನ ಹೆಸರು ಬೀಸುಕಲ್ಲು. ಕಟ್ಟಿದವನು ದೇವರಾಜ್ ಎಂಬ ಕಾಲೇಜು ಹುಡುಗ. ಎಲೆಕ್ಟ್ರಿಕ್ ಗಿಟಾರು, ಕೊಳಲು, ಬೀಸುವ ಪದ, ತಮಟೆ ಎಲ್ಲ ಒಟ್ಟಿಗೆ. ಒಂದು ಹಾಡು ಶುರುವಾದರೆ ಇಪ್ಪತ್ತು ನಿಮಿಷ, ನಡುವೆ ಮೂರು ಸಲ ತಾಳ ಬದಲು. ಹಿರಿಯರು ಕಿವಿ ಮುಚ್ಚಿಕೊಂಡರು, ಕಾರ್ಖಾನೆಯ ಹುಡುಗರು ಸೀಟಿ ಹೊಡೆದರು. ನಲ್ಲಪ್ಪನ ಅಪ್ಪನೂ ತಮಟೆಯವನೇ. ಊರಿನವರು ಅವನನ್ನು ಮೆರವಣಿಗೆಗೆ ಕರೆಯುತ್ತಿದ್ದರು, ಜಗಲಿ ಮಾತ್ರ ಹತ್ತಿಸುತ್ತಿರಲಿಲ್ಲ. ಅಂಥವನ ಮಗ ಸ್ಟೇಜ್ ಹತ್ತಿ ಗಿಟಾರಿನವನ ಭುಜಕ್ಕೆ ಭುಜ ಕೊಟ್ಟು ನಿಂತ. ಅದು ಸಣ್ಣ ವಿಷಯವಲ್ಲ.

ಎಪ್ಪತ್ತೇಳರ ನವೆಂಬರಿನಲ್ಲಿ ಕಾರ್ಖಾನೆಯ ಹಿಂದಿನ ಮೈದಾನದಲ್ಲೇ ರಾಜ್ಯೋತ್ಸವದ ಕಾರ್ಯಕ್ರಮ. ನಲ್ಲಪ್ಪನಿಗೆ ಅವತ್ತು ಸೆಕೆಂಡ್ ಶಿಫ್ಟು. ಸ್ನೇಹಿತ ನರಸಪ್ಪ, 'ನೀನ್ ಓಗಿ ಬಾರ್ಸೋಗು, ಸೈರನ್ ನಾನ್ ನೋಡ್ಕಂತೀನಿ' ಎಂದು ಅವನ ಬದಲು ಕಂಪ್ರೆಸರ್ ಕೋಣೆಯಲ್ಲಿ ಕೂತ. ಊಟದ ಸೈರನ್ ಏಳು ಗಂಟೆಗೆ. ಅದಕ್ಕೆ ಕರೆಂಟು ಬೇಡ, ಟ್ಯಾಂಕಿನ ಗಾಳಿಯಲ್ಲೇ ಕೂಗುತ್ತಿತ್ತು. ಹಿಡಿಯನ್ನು ಸರಿಯಾಗಿ ಮೂವತ್ತು ಸೆಕೆಂಡು ಎಳೆದು ಹಿಡಿಯಬೇಕು, ಹೆಚ್ಚುಕಮ್ಮಿಯಾದರೆ ಮೆಮೊ. ನರಸಪ್ಪನಿಗೆ ಮೆಮೊ ಎಂದರೆ ಜೀವಭಯ. ಗೋಡೆ ಗಡಿಯಾರವನ್ನೂ ನೋಡಿಕೊಂಡು, ಬಾಯಲ್ಲೂ ಎಣಿಸುತ್ತಿದ್ದ ಪ್ರಾಣಿ ಅದು.

ಏಳಕ್ಕೆ ಮೂರು ನಿಮಿಷ ಇರುವಾಗ ಮೈದಾನದ ಕರೆಂಟು ಹೋಯಿತು. ಗಿಟಾರು ಸತ್ತಿತು, ಮೈಕು ಸತ್ತಿತು. ನಲ್ಲಪ್ಪನ ತಮಟೆ ನಿಲ್ಲಲಿಲ್ಲ. ಕತ್ತಲಲ್ಲಿ ಒಬ್ಬನೇ ಬಾರಿಸಿದ, ಊಟದ ಸೈರನ್ ಕೂಗಿದಾಗಲೂ ಬಾರಿಸಿದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಹೋಗುವಾಗ ಅವನ ಕಾಲು ನೆಲದ ಮೇಲಿರಲಿಲ್ಲ.

ಮೂರು ದಿನ ಬಿಟ್ಟು ದೇವರಾಜ್ ಕಾರ್ಖಾನೆಯ ಗೇಟಿಗೆ ಬಂದ. ಅವನು ಪ್ರತಿ ಕಾರ್ಯಕ್ರಮವನ್ನೂ ಟಾರ್ಚಿನ ಸೆಲ್ ಹಾಕಿದ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದ. 'ಕೊನೇಲಿ ತಮಟೆ ತಾಳ ಮೀರಿ ಓಡ್ಬಿಟ್ಟಿದೆ ಕಣೋ ನಲ್ಲಪ್ಪ. ಟೇಪಲ್ಲಿದೆ, ಬಂದು ಕೇಳು' ಎಂದ. ಸುತ್ತ ಹತ್ತು ಜನ ನಿಂತಿದ್ದರು. ನಲ್ಲಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಹೋಗಿ ಕೇಳಲಿಲ್ಲ. ಹೆಂಡತಿ ಸುಬ್ಬಲಕ್ಷ್ಮಮ್ಮ ಜಪ್ಪಯ್ಯ ಅಂದರೂ ಕೇಳಲಿಲ್ಲ. ತಮಟೆಯನ್ನು ಅಟ್ಟಕ್ಕೆ ಹಾಕಿದ. ಒಳಗೊಳಗೇ ಮಾತ್ರ, ನಿಜಕ್ಕೂ ಓಡಿತ್ತೇನೋ ಎಂಬ ಹುಳ ಸೇರಿಕೊಂಡಿತು.

ಮೊನ್ನೆ ಭಾನುವಾರ ಬೆಳಗ್ಗೆ ಬ್ರೂಕ್‌ಫೀಲ್ಡ್‌ನಿಂದ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ಹೊತ್ತು ಬಂದಳು. ಮಂಜುಶ್ರೀ, ದೇವರಾಜನ ಮೊಮ್ಮಗಳು. ಅಜ್ಜ ಹೋಗಿ ಎರಡು ವರ್ಷವಾಯಿತಂತೆ. ಬೀಸುಕಲ್ಲಿನ ಕಾರ್ಯಕ್ರಮಗಳ ಹನ್ನೊಂದು ಟೇಪು ಪೆಟ್ಟಿಗೆಯಲ್ಲಿದ್ದವಂತೆ, ಎಲ್ಲವನ್ನೂ ಜನ ಕೇಳುವಂತೆ ಹೊರಗೆ ತರುತ್ತಾಳಂತೆ. ಬಾರಿಸಿದವರ ಒಪ್ಪಿಗೆ ಬೇಕು.

'ರಾಜ್ಯೋತ್ಸವದ್ದರಲ್ಲಿ ಕೊನೇ ನಾಲ್ಕು ನಿಮಿಷ ಕಟ್ ಮಾಡ್ತಿದ್ದೀನಿ ಸಾರ್' ಎಂದಳು, ನೆಲ ನೋಡುತ್ತ. ಅವಳು ತಂದಿದ್ದ ಟೇಪಿನ ಡಬ್ಬಿಯ ಮೇಲೆ ದೇವರಾಜನ ಕೈಬರಹ, ಕೆಂಪು ಮಸಿ: ತಮಟೆ ಓಡಿದೆ.

ನಲ್ಲಪ್ಪ ಅದನ್ನು ಓದಿ ಡಬ್ಬಿ ಅವಳಿಗೇ ಕೊಟ್ಟ. 'ಆಕಮ್ಮ, ಕೇಳೇಬುಡಾನ' ಎಂದ.

ಹಾಕಿದಳು. ಹಾಡು ನಿಂತಿತು, ಕತ್ತಲಿನ ಗದ್ದಲ, ಆಮೇಲೆ ತಮಟೆ ಒಂದೇ. ಮೊದಲು ಚೆನ್ನಾಗಿಯೇ ನಡೆಯಿತು. ಬರಬರುತ್ತ ಬಿರುಸಾಯಿತು. ದೇವರಾಜ್ ಸುಳ್ಳು ಹೇಳಿರಲಿಲ್ಲ. ತಮಟೆ ಓಡುತ್ತಿತ್ತು, ಯಾರಿಗಾದರೂ ಗೊತ್ತಾಗುವಂತೆ ಓಡುತ್ತಿತ್ತು. ಸಾಯುವ ಮುಂಚೆ ಇದೊಂದನ್ನು ಕೇಳಿಸಿಕೊಳ್ಳಬೇಕಿತ್ತೇ ಎಂದು ನಲ್ಲಪ್ಪನಿಗೆ ದುಃಖವೇ ಆಯಿತು.

ಆಗ ಸೈರನ್ ಕೂಗಿತು. ಅವನ ಬಾಯಿ ತನ್ನಷ್ಟಕ್ಕೆ ಎಣಿಸತೊಡಗಿತು, ಮೂವತ್ತನಾಲ್ಕು ವರ್ಷದ ಅಭ್ಯಾಸ. ಇಪ್ಪತ್ತಮೂರಕ್ಕೆ ಸೈರನ್ ನಿಂತುಬಿಟ್ಟಿತು.

'ಇನ್ನೊಂದ್ಸಲ ಆಕು' ಎಂದ. ಈ ಸಲ ಕೈಗಡಿಯಾರ ಹಿಡಿದು ಕೂತ. ಇಪ್ಪತ್ತಮೂರೇ. ದನಿಯೂ ಅದಲ್ಲ, ಆ ಸೈರನ್ ಕೋಣದ ಹಾಗೆ ಕೂಗುತ್ತಿತ್ತು, ಇದು ಕುರಿಮರಿ.

'ನರಸಪ್ಪ ಏಳು ಸೆಕೆಂಡ್ ಮುಂಚೆ ಬುಡೋ ಆಸಾಮಿ ಅಲ್ಲ ಕಣಮ್ಮ' ಎಂದ. 'ಇದು ಯಾವ್ದರಲ್ಲಿ ರೆಕಾರ್ಡ್ ಮಾಡಿದ್ದು?'

'ಸೆಲ್ಲಲ್ಲಿ ಓಡೋ ಟೇಪ್ ರೆಕಾರ್ಡರ್ ಸಾರ್.'

'ಸೆಲ್ ವೀಕ್ ಆದ್ರೆ?'

'ಟೇಪು ನಿಧಾನಕ್ಕೆ ತಿರುಗತ್ತೆ' ಎಂದಳು. 'ನಿಧಾನಕ್ಕೆ ತಿರುಗಿದ್ದನ್ನ ಈಗ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ... ಎಲ್ಲಾ ಫಾಸ್ಟ್ ಕೇಳ್ಸತ್ತೆ. ಅಯ್ಯೋ ಸಾರ್.'

ಬರಿ ತಮಟೆ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ; ದನಿ ಏರಿದರೆ ಚರ್ಮ ಬಿಸಿಯಾಗಿ ಬಿಗಿದಿದೆ ಅಂದುಕೊಂಡಿರಬೇಕು. ಮಂಜುಶ್ರೀ ಲ್ಯಾಪ್‌ಟಾಪಿನಲ್ಲಿ ಆ ನಾಲ್ಕು ನಿಮಿಷವನ್ನು ಸ್ವಲ್ಪಸ್ವಲ್ಪವೇ ಎಳೆದಳು, ಸೈರನ್ ಮೂವತ್ತಕ್ಕೆ ಬಂದು ಕೂರುವ ತನಕ. ಮತ್ತೆ ಹಾಕಿದಳು. ಕೋಣ ಕೂಗಿತು. ಅದರ ಕೆಳಗೆ ತಮಟೆ ಶುರುವಿನ ನಡಿಗೆಯಲ್ಲೇ ನಡೆಯುತ್ತಿತ್ತು, ಸೆಲ್ ಪೂರ್ತಿ ಸಾಯುವವರೆಗೂ.

ಸುಬ್ಬಲಕ್ಷ್ಮಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. 'ಏನಂತೆ?'

'ನಾನ್ ಬುಟ್ಟಿರ್ಲಿಲ್ಲ ಕಣೇ.'

'ಅವತ್ತೇ ಓಗಿ ಕೇಳ್ಕಂಬಾ ಅಂತ ಬಡ್ಕಂಡೆ. ಸೈರನ್ ಎಳೆಯೋ ನೀನೇ ಕೇಳಿದ್ರೆ ಅವತ್ತೇ ತಿಳೀತಿತ್ತು' ಎಂದು ಅವಳು ಒಳಗೆ ಹೋದಳು. ನಲ್ಲಪ್ಪನಿಗೆ ಕೋಪ ಬಂತು, ದೇವರಾಜನ ಮೇಲಲ್ಲ, ತನ್ನ ಹಟದ ಮೇಲೆ. ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡ.

'ಕಟ್ ಮಾಡಲ್ಲ ಸಾರ್' ಎಂದಳು ಮಂಜುಶ್ರೀ. 'ಬಾರಿಸಿದವರ ಹೆಸರು ಹಾಕ್ಬೇಕು. ತಮಟೆ, ನಲ್ಲಪ್ಪ. ಸರಿನಾ?'

'ಇನ್ನೊಂದ್ ಎಸರು ಬರ್ಕಳಮ್ಮ. ನರಸಪ್ಪ. ಈಗಿಲ್ಲ ಅವನು.'

'ಅವರೇನು ಬಾರಿಸ್ತಿದ್ರು?'

'ಸೈರನ್' ಎಂದ ನಲ್ಲಪ್ಪ. 'ಮೂವತ್ ಸೆಕೆಂಡು ಅಂತ್ಲೂ ಆಕು.'